ಅತ್ತೆ ಹೇಳಿದ ಇಬ್ಬರು ರಾಣಿಯರ ಕಥೆ

ಭೂಕಂಪವಾದ ಮೇಲೆ ನಾವು ಮಕ್ಕಳು ಹಗಲು ಮಲಗುವುದನ್ನು ಕಲಿತೆವು. ರಾತ್ರಿ ಕಣ್ಣು ಮುಚ್ಚಲು ಯಾರಿಗೂ ಧೈರ್ಯವಿರಲಿಲ್ಲ. ಹೆದ್ದಾರಿಯಲ್ಲಿ ತುಂಬಿದ ಲಾರಿ ಹೋದರೆ ನೆಲ ಸಣ್ಣಗೆ ನಡುಗುತ್ತಿತ್ತು. ಅಷ್ಟಕ್ಕೇ ದೊಡ್ಡವರು ಎದ್ದು, ಕೈಗೆ ಸಿಕ್ಕ ಮಗುವನ್ನು ಎಳೆದುಕೊಂಡು ಹೊರಗೆ ಓಡುತ್ತಿದ್ದರು. ಹೊರಗೆ ಬಂದರೆ ಏನೂ ಇರುತ್ತಿರಲಿಲ್ಲ, ಬರೀ ಕತ್ತಲೆ, ಕುರಿಗಳ ಕೆಮ್ಮು. ಹಾಗಾಗಿ ನಿದ್ದೆಯೆಲ್ಲ ಮಧ್ಯಾಹ್ನಕ್ಕೆ ಬಂದು ಸೇರಿತ್ತು.

ಆ ಕಾಲವನ್ನು ನೆನೆದರೆ ನನಗೆ ಮೊದಲು ಕಾಣುವುದು ತಗಡಿನ ಮಾಡಿನ ತೂತುಗಳಿಂದ ಇಳಿಯುತ್ತಿದ್ದ ಬಿಸಿಲು. ಊರು ಬಿದ್ದುಹೋದ ಮೇಲೆ ನಮಗೆಲ್ಲ ಸಾಲಾಗಿ ತಗಡಿನ ಶೆಡ್ಡು ಹಾಕಿಕೊಟ್ಟಿದ್ದರು. ಮೊಳೆ ತಪ್ಪಿ ಹೊಡೆದ ಕಡೆಯೆಲ್ಲ ತೂತು. ಒಂದೊಂದು ತೂತಿನಿಂದ ಒಂದೊಂದು ಬಿಸಿಲಿನ ಬಿಲ್ಲೆ ನೆಲಕ್ಕೆ ಬೀಳುತ್ತಿತ್ತು. ಮಲಗಿದಲ್ಲಿಂದಲೇ ನಾನು ಅವು ತೆವಳುವುದನ್ನು ನೋಡುತ್ತಿದ್ದೆ: ಅವ್ವನ ಸೀರೆಯ ಮೇಲಿಂದ ಆಯಿಯ ಪಾದಕ್ಕೆ, ಅಲ್ಲಿಂದ ನೀರಿನ ಕೊಡಕ್ಕೆ. ತಗಡು ಕಾದು ಆಗಾಗ ಟಣ್ ಎನ್ನುತ್ತಿತ್ತು. ಎಚ್ಚರವೋ ಕನಸೋ ತಿಳಿಯದ ಆ ಹೊತ್ತಿನಲ್ಲೇ ನಾನು ಕಥೆಗಳನ್ನು ಕೇಳಿದ್ದು. ಅವುಗಳಲ್ಲಿ ಕೇಳಿದ್ದೆಷ್ಟು, ಕನಸು ಕಂಡದ್ದೆಷ್ಟು ಎಂದು ಬೇರೆ ಮಾಡಿ ಹೇಳಲು ನನಗೆ ಇಂದಿಗೂ ಬರುವುದಿಲ್ಲ.

ನಮ್ಮದು ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ಊರು ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ಯೆಣೆಗೂರ ಮತ್ತು ಉಮರ್ಗಾದ ನಡುವೆ, ಹೆದ್ದಾರಿಯಿಂದ ಒಳಗೆ. ಭೂಮಿ ನಡುಗಿದಾಗ ನಾವು ರಾತ್ರಿ ಕುರಿ ಕೂಡಿಹಾಕಿದ್ದ ಹೊಲದಲ್ಲೇ ಮಲಗಿದ್ದರಿಂದ ಅಪ್ಪ, ಅವ್ವ, ಆಯಿ, ನಾನು ನಾಲ್ವರೂ ಉಳಿದೆವು. ಆಯಿ ಎಂದರೆ ನಮ್ಮ ಮನೆಯ ಕನ್ನಡದಲ್ಲಿ ಅಜ್ಜಿ, ಅಪ್ಪನ ತಾಯಿ. ನಾನು ಶಾಲೆಯಲ್ಲಿ ಓದುತ್ತಿದ್ದ ಮರಾಠಿಯಲ್ಲಿ ಅದೇ ಮಾತಿಗೆ ತಾಯಿ ಎಂದರ್ಥ. ಮೊದಮೊದಲು ಶಾಲೆಯಲ್ಲಿ ‘ನನ್ನ ಆಯಿ’ ಎಂಬ ಪಾಠ ಬಂದಾಗ ನಾನು ಹಲ್ಲಿಲ್ಲದ, ನಸ್ಯದ ವಾಸನೆಯ ಮುದುಕಿಯನ್ನು ವರ್ಣಿಸಿ ನಗೆಗೀಡಾಗಿದ್ದೆ.

ಆ ದಿನಗಳಲ್ಲಿ ಎಲ್ಲಿಂದಲೋ ಬಟ್ಟೆಯ ಗಂಟುಗಳು ಬರುತ್ತಿದ್ದವು. ದೂರದೂರದ ಊರಿನವರು ನಮಗಾಗಿ ಕಳಿಸಿದ್ದು. ಬಿಚ್ಚಿದರೆ ಪ್ಯಾಂಟು, ಸ್ವೆಟರು, ಜರಿ ಹೋದ ರೇಷ್ಮೆ ಸೀರೆ, ಒಮ್ಮೆ ಮಿಂಚುವ ಟಿಕಲಿ ಹಚ್ಚಿದ ಲಗ್ನದ ಘಾಗ್ರಾ. ನಮ್ಮ ಹೆಂಗಸರು ಉಡಲಾಗದ್ದನ್ನೆಲ್ಲ ಕತ್ತರಿಸಿ, ತುಂಡು ಜೋಡಿಸಿ, ಹೊದೆಯಲು ಕೌದಿ ಹೊಲಿಯಲು ಕೂತರು. ಚಳಿಗಾಲ ಬರುತ್ತಿತ್ತು, ತಗಡಿನ ಮನೆ ಬೆಳಗಿನ ಜಾವ ಮಂಜುಗಡ್ಡೆಯಂತೆ ಆಗುತ್ತಿತ್ತು. ನಮ್ಮ ಶೆಡ್ಡಿನ ಒಳಗೆ, ಬಾಗಿಲು ತೆರೆದಿಟ್ಟು, ಅವ್ವ, ಆಯಿ, ಪಕ್ಕದ ಶೆಡ್ಡಿನ ಹೆಂಗಸರು ಸುತ್ತ ಕೂತು ಒಂದೇ ಕೌದಿಗೆ ನಾಲ್ಕೂ ಕಡೆಯಿಂದ ಸೂಜಿ ಹಾಕುತ್ತಿದ್ದರು. ಯಾರೋ ಕಾಣದ ಊರಿನ ಹೆಂಗಸಿನ ಸೆರಗು ನನ್ನ ಕೆನ್ನೆಯ ಕೆಳಗೆ ಇರುತ್ತಿತ್ತು, ಅದರಲ್ಲಿ ಪರಿಚಯವಿಲ್ಲದ ಸಾಬೂನಿನ ವಾಸನೆ.

ಅತ್ತೆ ಬಂದದ್ದು ಆಗಲೇ. ಅಪ್ಪನ ತಂಗಿ, ನನ್ನ ಸೋದರತ್ತೆ. ಅವಳನ್ನು ನಿಲಂಗಾದ ಕಡೆ ಕೊಟ್ಟಿತ್ತು. ಮಕ್ಕಳಾಗಲಿಲ್ಲವೆಂದು ಗಂಡ ಉದಗೀರದಿಂದ ಇನ್ನೊಬ್ಬಳನ್ನು ಮಾಡಿಕೊಂಡಿದ್ದ. ಅತ್ತೆಯ ಹಾಸಿಗೆ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಬಂದಿತ್ತು. ಭೂಕಂಪದ ಸುದ್ದಿ ಕೇಳಿ ಅಪ್ಪ ಅಲ್ಲಿಗೆ ಓಡಿದಾಗ ಅವರ ಮನೆಯ ಗೋಡೆಯೂ ಬಿದ್ದಿತ್ತು, ಅತ್ತೆ ಹೊರಗೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳಂತೆ. “ಎಂಟು ದಿನ ಇದ್ದು ಬಾ” ಎಂದು ಅವಳ ಅತ್ತೆಮನೆಯವರೇ ಕಳಿಸಿಕೊಟ್ಟರು. ಎಂಟು ದಿನ ಕಳೆಯಿತು, ಕೌದಿಯ ಮೇಲೆ ಕೌದಿ ಮುಗಿಯಿತು. ಹಿಂದಿರುಗುವ ಮಾತನ್ನು ಅತ್ತೆ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಅವಳು ಮಾತೇ ಆಡುತ್ತಿರಲಿಲ್ಲ. ಹಲ್ಲಿನಿಂದ ದಾರ ಕಡಿಯುವ ಸಪ್ಪಳ ಮಾತ್ರ ಅವಳದ್ದು.

ಕಥೆ ಹೇಳುವವಳು ಆಯಿ. ಮುಂಚೆ ರಾತ್ರಿ ಊಟವಾದ ಮೇಲೆ ಹೇಳುತ್ತಿದ್ದಳು. ಈಗ ರಾತ್ರಿಗೆ ಕಥೆಯ ಬಾಯಿ ಕಟ್ಟಿತ್ತು. ಮಧ್ಯಾಹ್ನ ನಾನು ಹಟ ಹಿಡಿದರೆ ಆಯಿ ಒಪ್ಪುತ್ತಿರಲಿಲ್ಲ.

“ಹಗಲೊತ್ತ ಕತಿ ಹೇಳಬಾರ್ದು. ಹಾದಿ ಹೋಗೋರು ಹಾದಿ ತಪ್ತಾರ” ಎನ್ನುತ್ತಿದ್ದಳು.

ಒಂದು ದಿನ ಅತ್ತೆ ಸೂಜಿಯಿಂದ ಕಣ್ಣೆತ್ತದೆ, “ಎಲ್ಲಾರೂ ಹಾದಿ ತಪ್ಪೇ ಇಲ್ಲಿ ಬಂದು ಕುಂತೀವಿ ಅವ್ವಾ. ಇನ್ನ ತಪ್ಪೋರು ಯಾರ ಉಳದಾರ? ಹೇಳು” ಎಂದಳು. ಅವಳು ಬಂದ ಮೇಲೆ ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು. ಆಯಿ ಮಗಳ ಮುಖ ನೋಡಿದಳು. ಹೇಳತೊಡಗಿದಳು.

ಆಯಿಯ ಕಥೆಗಳಲ್ಲಿ ಅವಳಿಗೆ ಹೆಚ್ಚು ಪ್ರೀತಿಯದ್ದು ಇಬ್ಬರು ರಾಣಿಯರದ್ದು. ಒಬ್ಬ ರಾಜನಿಗೆ ಇಬ್ಬರು ರಾಣಿಯರು. ದೊಡ್ಡವಳು ಬೇಡಾದವಳು, ಸಣ್ಣವಳು ಬೇಕಾದವಳು. ದೊಡ್ಡ ರಾಣಿ ಗಂಡು ಹೆತ್ತಾಗ ಸಣ್ಣ ರಾಣಿ ಕೂಸನ್ನು ಹೊಲಕ್ಕೆ ಸಾಗಿಸಿ, ತೊಟ್ಟಿಲಲ್ಲಿ ರುಬ್ಬುವ ಗುಂಡು ಇಡುತ್ತಾಳೆ. ಕಲ್ಲು ಹೆತ್ತವಳೆಂದು ರಾಜ ದೊಡ್ಡ ರಾಣಿಯನ್ನು ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಕಳಿಸುತ್ತಾನೆ. ಅವಳು ಅಳುತ್ತ, ಅಳುತ್ತ ಹಕ್ಕಿ ಓಡಿಸುತ್ತಾಳೆ. ಕೂಸು ಕುರುಬರ ಹಟ್ಟಿಯಲ್ಲಿ ಬೆಳೆದು, ಕೊನೆಗೆ ಎಲ್ಲ ತಿಳಿಯುತ್ತದೆ. ರಾಜ ಸುಣ್ಣದ ತಗ್ಗು ತೋಡಿಸಿ ಸಣ್ಣ ರಾಣಿಯನ್ನು ಕುತ್ತಿಗೆಯವರೆಗೆ ಹೂಳಿಸುತ್ತಾನೆ. ದೊಡ್ಡ ರಾಣಿ ಅರಮನೆಗೆ ಬಂದು ರಾಜನ ಬಲಕ್ಕೆ ಕೂರುತ್ತಾಳೆ. ತಗ್ಗಿನ ಮಾತು ಬಂದಾಗ ಆಯಿಯ ದನಿ ಗಟ್ಟಿಯಾಗುತ್ತಿತ್ತು, ಅತ್ತೆಯ ಕಡೆ ನೋಡಿಯೇ ಹೇಳುತ್ತಿದ್ದಳು. ಅದು ಮಗಳಿಗೆ ಅವಳು ಕೊಡುತ್ತಿದ್ದ ಸಮಾಧಾನ ಎಂದು ಈಗ ಅನ್ನಿಸುತ್ತದೆ.

ಚಳಿ ಹೆಚ್ಚಿದಂತೆ ಆಯಿಗೆ ಕೆಮ್ಮು ಹತ್ತಿತು. ಕಥೆ ಅರ್ಧದಲ್ಲೇ ನಿಲ್ಲತೊಡಗಿತು. ದೊಡ್ಡ ರಾಣಿ ಹೊಲಕ್ಕೆ ಹೋದ ಕಡೆಗೇ ಒಮ್ಮೆ ಕೆಮ್ಮು ಬಂದು ಆಯಿ ನೀರು ಕುಡಿಯಲು ಎದ್ದಾಗ, ನಾನು ನಿದ್ದೆಗಣ್ಣಲ್ಲೇ “ಮುಂದೆ?” ಎಂದೆ. ಉತ್ತರ ಬಂದದ್ದು ಅತ್ತೆಯಿಂದ.

“ಹೊಲಕ್ಕ ಹೋದಳು. ಹಕ್ಕಿ ಕಾಯೋ ಮಂಚಿಗಿ ಏರಿದಳು. ಮಲಗಿಬಿಟ್ಟಳು.”

“ಅಳಲಿಲ್ಲೇನು?”

“ಇಲ್ಲ. ಅರಮನ್ಯಾಗ ಆಕಿಗಿ ನಿದ್ದಿನೇ ಇರಲಿಲ್ಲ. ಯಾರ ಕಾಲಿನ ಸಪ್ಪಳ ಯಾವ ಕೋಣಿಗಿ ಹೋಯ್ತು ಅಂತ ಕೇಳ್ಕೋತ ಎಷ್ಟೋ ವರ್ಷ ಎಚ್ಚರಿದ್ದಳು. ಹೊಲದಾಗ ಯಾರ ಸಪ್ಪಳಾನೂ ಇಲ್ಲ. ಗಾಳಿ ಇತ್ತು. ತೆನಿ ತೂಗ್ತಿದ್ವು. ಮಲಗಿದಳು. ಹಕ್ಕಿ ಬಂದು ಹೊಟ್ಟಿ ತುಂಬ ತಿಂದು ಹೋದ್ವು.”

ನಾನು ಅಲ್ಲಿಯೇ ಮಲಗಿದೆ. ನನ್ನ ಕನಸಿನಲ್ಲಿ ಜೋಳದ ಹೊಲವಿತ್ತು, ಮಂಚಿಗೆಯ ಮೇಲೆ ಒಬ್ಬಳು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು, ಅವಳ ಬಳೆಗಳ ಮೇಲೆ ಹಕ್ಕಿಗಳು ಸಾಲಾಗಿ ಕೂತಿದ್ದವು.

ಎಚ್ಚರವಾದಾಗ ಆಯಿಯ ಸಿಟ್ಟಿನ ದನಿ. “ಕತಿ ಕೆಡಸಬ್ಯಾಡ. ನಮ್ಮವ್ವ ನನಗ ಹೇಳಿದ್ದು, ಆಕಿಗಿ ಆಕಿ ಅವ್ವ ಹೇಳಿದ್ದು. ಮಲಗಿದಳಂತ! ರಾಣಿ ಮಲಗಿದ್ರ ಬೆಳಿ ಕಾಯೋರ್ಯಾರು?”

“ಬೆಳಿ ರಾಜಂದು, ಅವಂದೇ ಚಿಂತಿ” ಎಂದಳು ಅತ್ತೆ.

ಸುತ್ತ ಕೂತವರು ನಕ್ಕರು. ಆ ನಗು ನನಗೆ ಬಹಳ ಚೆನ್ನಾಗಿ ನೆನಪಿದೆ, ಯಾಕೆಂದರೆ ಶೆಡ್ಡಿಗೆ ಬಂದ ಮೇಲೆ ನಮ್ಮ ಹೆಂಗಸರು ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಅತ್ತೆಯ ಕಥೆಗಳು ಬಂದವು. ಯಾವುದೂ ಹೊಸದಲ್ಲ, ಆಯಿ ಹೇಳಿದವೇ. ಆದರೆ ಅತ್ತೆಯ ಬಾಯಲ್ಲಿ ಅವು ಗುರುತು ಸಿಕ್ಕೂ ಸಿಗದ ಊರಿನಂತೆ ಕಾಣುತ್ತಿದ್ದವು. ಒಂಟಿ ಕಂಬದ ಅರಮನೆಯಲ್ಲಿ ರಾಕ್ಷಸ ಬಚ್ಚಿಟ್ಟ ರಾಜಕುಮಾರಿಯ ಕಥೆಯಲ್ಲಿ ಆಯಿಗೆ ಒಬ್ಬ ರಾಜಕುಮಾರ ಬೇಕಿತ್ತು, ಏಳು ಸಮುದ್ರ ದಾಟಿ ಬರುವವನು. ಅತ್ತೆ ಒಂದು ಮಧ್ಯಾಹ್ನ ಹೇಳಿದಳು: “ರಾಜಕುಮಾರ ಹೊಂಟಿದ್ದ. ಇನ್ನಾ ಎರಡನೇ ಸಮುದ್ರದಾಗೇ ಇದ್ದ. ಅಷ್ಟರಾಗ ಭೂಮಿ ಅಲುಗ್ಯಾಡ್ತು. ಕಂಬ ಸೀಳ್ತು. ಅರಮನಿ ಮಕಾಡೆ ಬಿತ್ತು. ರಾಜಕುಮಾರಿ ಮೈಮ್ಯಾಲಿನ ಮಣ್ಣು ಝಾಡಿಸಿಕೊಂಡು ಎದ್ದಳು. ಮೊದಲನೇ ಸಲ ಆಕಿ ಕಾಲು ನೆಲಕ್ಕ ಹತ್ತಿತು. ಹಿಂಗ ಇರ್ತದೇನು ನೆಲ ಅಂದಳು.”

ಯಾರೂ ನಗಲಿಲ್ಲ. ಪಕ್ಕದ ಶೆಡ್ಡಿನ ಒಬ್ಬಳಿದ್ದಳು, ಮಗಳನ್ನು ಕಳೆದುಕೊಂಡವಳು. ಅವಳು ಸೂಜಿ ಕೆಳಗಿಟ್ಟು ಕೇಳಿದಳು, “ಅರಮನ್ಯಾಗ ಬ್ಯಾರೆಯವರು ಇದ್ರಲ್ಲ? ಅಡಗಿ ಮಾಡೋರು, ನೀರು ತರೋರು? ಅವರು?”

ಅತ್ತೆಯ ಕೈ ನಿಂತಿತು. ತಗಡು ಟಣ್ ಎಂದಿತು. ನಾನು ಕಣ್ಣು ಮುಚ್ಚಿಯೇ ಇದ್ದೆ.

“ಎಲ್ಲಾರೂ ಉಳದ್ರು ಅಕ್ಕಾ” ಎಂದಳು ಅತ್ತೆ. “ಹಗಲಿತ್ತಲ್ಲ. ಎಲ್ಲಾರೂ ಹೊಲಕ್ಕ ಹೋಗಿದ್ರು.”

ಆ ಹೆಂಗಸು ತಲೆಯಾಡಿಸಿದಳು. ಸೂಜಿ ಎತ್ತಿಕೊಂಡಳು. ಆಯಿ ಆ ದಿನ ಕಥೆ ಕೆಟ್ಟಿತೆಂದು ಅನ್ನಲಿಲ್ಲ.

ಆದರೆ ಇಬ್ಬರು ರಾಣಿಯರ ಕಥೆಯನ್ನು ಮಾತ್ರ ಆಯಿ ಬಿಟ್ಟುಕೊಡಲಿಲ್ಲ. ಅತ್ತೆ ಅದನ್ನು ಶುರು ಮಾಡಿದರೆ, ಸುಣ್ಣದ ತಗ್ಗಿನ ಕಡೆಗೆ ಬರುವ ಹೊತ್ತಿಗೆ ಆಯಿ ಬಾಯಿ ಹಾಕಿ ತಾನೇ ಹೂಳಿಸುತ್ತಿದ್ದಳು. ಅತ್ತೆ ಅಲ್ಲಿ ಸುಮ್ಮನಾಗುತ್ತಿದ್ದಳು. ಒಮ್ಮೆ ಮಾತ್ರ, “ಸಣ್ಣ ರಾಣಿಗಿ ಅಂಜಿಕಿ ಹಾಕಿದವರು ಯಾರು ಅಂತ ಯಾರೂ ಕೇಳಂಗಿಲ್ಲ” ಎಂದದ್ದು ನೆನಪಿದೆ.

ಚಳಿಗಾಲ ಮುಗಿದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ, ಶೆಡ್ಡುಗಳ ಸಾಲಿನ ತುದಿಯಲ್ಲಿ ಒಬ್ಬಳು ಕಾಣಿಸಿಕೊಂಡಳು. ಸೊಂಟದ ಮೇಲೆ ಹೆಣ್ಣುಕೂಸು, ಕೈಯಲ್ಲಿ ಚಪ್ಪಲಿ, ಕಾಲೆಲ್ಲ ಧೂಳು. ಬಿಸಿಲಿನ ಝಳದಲ್ಲಿ ಅವಳು ನಡೆದುಬರುವುದು ನೀರಿನೊಳಗಿಂದ ಬಂದಂತೆ ಅಲುಗುತ್ತಿತ್ತು. ಹತ್ತಿರ ಬಂದು ನಿಂತಳು. ಅತ್ತೆಯ ಸೂಜಿ ಬಟ್ಟೆಯಲ್ಲೇ ಉಳಿಯಿತು.

“ಅಕ್ಕಾ” ಎಂದಳು ಬಂದವಳು. ಅತ್ತೆಯ ಸವತಿ. ಉದಗೀರದ ಮರಾಠಿ ಮನೆಯ ಹುಡುಗಿ, ಅತ್ತೆಯ ಜೊತೆ ಒಂದೇ ಒಲೆಯ ಮುಂದೆ ಕೂತು ಕೂತು ಕನ್ನಡ ಕಲಿತವಳು. ಉಮರ್ಗಾದಲ್ಲಿ ಇಳಿಯಬೇಕಾದವಳು ತಿಳಿಯದೆ ಮುಂದೆ ಹೋಗಿ ಯೆಣೆಗೂರದಲ್ಲಿ ಬಸ್ಸಿನಿಂದ ಇಳಿದಿದ್ದಳು. ಅಲ್ಲಿಂದ ಕೇಳುತ್ತ, ತಪ್ಪುತ್ತ, ಬಿಸಿಲಲ್ಲಿ ನಡೆದು ಬಂದಿದ್ದಳು.

“ನೋಡು” ಎಂದಳು ಆಯಿ ಅತ್ತೆಗೆ, ಬರೀ ಒಸಡು ಕಚ್ಚಿ. “ಹಗಲು ಕತಿ ಹೇಳಬ್ಯಾಡ ಅಂದಿದ್ದೆ. ಹಾದಿ ತಪ್ಪಿಸಿಕೊಂಡು ಬಂತು ನೋಡು ಮಾರಿ.” ಆಮೇಲೆ ಬಂದವಳ ಕಡೆ ತಿರುಗಿ, “ನನ್ನ ಮಗಳ ಸಂಸಾರದಾಗ ಮಣ್ಣು ಹಾಕಿದ್ದು ಸಾಲಲಿಲ್ಲೇನು? ಇಲ್ಲಿಗೂ ಬಂದೀ?”

ಅತ್ತೆ ಎದ್ದು ತಂಬಿಗೆಯಲ್ಲಿ ನೀರು ಕೊಟ್ಟಳು. ಅವಳು ಮೊದಲು ಕೂಸಿಗೆ ಕುಡಿಸಿ, ಆಮೇಲೆ ತಾನು ಕುಡಿದಳು. ನಿಂತೇ ಹೇಳಿದಳು, ತಲೆ ತಗ್ಗಿಸಿ. “ನಿನ್ನ ಕರ್ಕೊಂಡು ಬಾ ಅಂದಾನ ಅಕ್ಕಾ. ಕರ್ಕೊಂಡು ಬಂದ್ರ ಮನಿ ಒಳಗ ಬಾ, ಇಲ್ಲಂದ್ರ ನೀನೂ ಬರಬ್ಯಾಡ ಅಂದಾನ. ಹೆಣ್ಣು ಹಡದಿ ಅಂತಾನ. ಬ್ಯಾರೆ ಕಡಿ ಹೆಣ್ಣು ನೋಡ್ಲಾಕತ್ತಾನ.”

“ನಾ ಬಂದು ಏನು ಮಾಡ್ಲಿ?”

“ದನ ಅವ, ಹೊಲ ಅದ. ಗೋಡಿ ಎಬ್ಬಿಸೋದು ಅದ. ದುಡಿಯೋರು ಬೇಕು.” ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. “ನೀ ಬರಬ್ಯಾಡ ಅಕ್ಕಾ. ನಾ ಬಾ ಅನ್ಲಾಕ ಬಂದಿಲ್ಲ. ಎಲ್ಲಿ ಹೋಗ್ಲಿ ಅಂತ ತಿಳೀಲಿಲ್ಲ, ಅದಕ್ಕ ಬಂದೀನಿ.”

ಕೂಸು ಅಳಹತ್ತಿತು. ಬಿಸಿಲಿಗೆ ಅದರ ಮುಖ ಕೆಂಪಾಗಿತ್ತು. ಅವಳು ಏನು ಮಾಡುವುದೋ ತಿಳಿಯದೆ ಸುತ್ತ ನೋಡಿ, ಎಲ್ಲರಿಗಿಂತ ಹಿರಿಯಳಾಗಿ ಕಂಡವಳ ಮುಂದೆ ಕೂಸನ್ನು ಹಿಡಿದು, “ಆಯೀ, ಇದಕ್ಕ ಮೈ ಬಿಸಿ ಆಗ್ಯಾದೇನು ನೋಡ್ರಿ” ಎಂದಳು.

ಅವಳ ಮರಾಠಿಯಲ್ಲಿ ಅದು ‘ಅವ್ವಾ’ ಎಂದು ಕರೆದಂತೆ. ನಾನೇ ಅದನ್ನು ಎಷ್ಟು ಬಾರಿ ಕೂಗಿದ್ದೆನೋ, ಆದರೆ ಆಯಿ ಆ ದಿನ ಕೇಳಿಸಿಕೊಂಡದ್ದು ಆ ಇನ್ನೊಂದು ಅರ್ಥವನ್ನು. ಅವಳ ಮುಖದಲ್ಲಿ ಸಿಟ್ಟು ಹಾಗೆಯೇ ಇತ್ತು, ಕೈ ಮಾತ್ರ ತಾನಾಗಿ ಮುಂದೆ ಹೋಗಿ ಕೂಸಿನ ಹಣೆ ಮುಟ್ಟಿತು. “ಬಿಸಲಿಂದು, ಜ್ವರ ಅಲ್ಲ” ಎಂದಳು. ಆಮೇಲೆ ಸೊಂಟದ ಸಂಚಿಯಿಂದ ಬೀರಪ್ಪನ ಭಂಡಾರ ತೆಗೆದು, ಅರಿಶಿನದ ಒಂದು ಗೆರೆಯನ್ನು ಅದರ ಹಣೆಗೆ ಎಳೆದಳು. ಅವ್ವ ಮಜ್ಜಿಗೆ ತಂದಳು. ಕೂಸು ಕುಡಿದು, ಅರ್ಧ ಹೊಲಿದ ಕೌದಿಯ ಮೇಲೆ ನನ್ನ ಪಕ್ಕದಲ್ಲಿ ಮಲಗಿತು.

ಬಂದವಳು ರೊಟ್ಟಿ ತಿಂದಳು. ತಿಂದ ಮೇಲೆ, ಯಾರೂ ಹೇಳದೆಯೇ, ಕೌದಿಯ ಖಾಲಿ ಮೂಲೆಗೆ ಕೂತು ಸೂಜಿ ತೆಗೆದುಕೊಂಡಳು. ಬಿಸಿಲಿನ ಬಿಲ್ಲೆಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸರಿಯುತ್ತಿದ್ದವು. ಆಗ ಅತ್ತೆ ಹೇಳಿದಳು, “ಅವ್ವಾ, ಇಬ್ಬರು ರಾಣಿಯರ ಕತಿ ಹೇಳು.”

ನಾನು ಎದ್ದು ಕೂತೆ. ಅವ್ವನೂ ಹೊಲಿಯುವುದನ್ನು ಬಿಟ್ಟು ನೋಡಿದಳು. ಆಯಿ ಮಗಳನ್ನು ದುರುಗುಟ್ಟಿ ನೋಡಿ, ನಸ್ಯ ಏರಿಸಿ, ಶುರು ಮಾಡಿದಳು. ಬಂದವಳಿಗೆ ತಿಳಿಯಲಿ ಎಂದೋ ಏನೋ, ನಡುನಡುವೆ ಮರಾಠಿ ಬೆರೆಸಿ ಹೇಳಿದಳು. ಬೇಡಾದವಳು, ಬೇಕಾದವಳು, ತೊಟ್ಟಿಲಲ್ಲಿ ಗುಂಡು. ಬಂದವಳ ಸೂಜಿ ನಿಧಾನವಾಯಿತು. ಅವಳಿಗೂ ಆ ಕಥೆ ಗೊತ್ತಿತ್ತು, ಎಲ್ಲ ಊರಲ್ಲೂ ಅದು ಇದ್ದೇ ಇರುತ್ತದೆ. ದೊಡ್ಡ ರಾಣಿ ಹೊಲಕ್ಕೆ ಹೋದಳು. ಆಯಿ ಅಲ್ಲಿ ತಡೆದು, “ಅತ್ತಳು... ಆಮ್ಯಾಲ ಜರಾ ಮಲಗಿದಳು” ಎಂದಳು. ಕೂಸು ಬೆಳೆಯಿತು, ಎಲ್ಲ ಹೊರಬಂತು. ಸಣ್ಣ ರಾಣಿಯನ್ನು ಹಿಡಿದು ತಂದರು.

“ರಾಜ ಅಂದ, ತಗ್ಗು ತೋಡ್ರಿ, ಸುಣ್ಣ ಹಾಕ್ರಿ.”

ಆಯಿ ಅಲ್ಲಿಗೆ ಕಥೆ ನಿಲ್ಲಿಸಿದಳು. ಕೆಮ್ಮು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಬಂದವಳು ತಲೆ ಬಗ್ಗಿಸಿಯೇ ಇದ್ದಳು, ಅವಳ ಬೈತಲೆ ಮಾತ್ರ ಕಾಣುತ್ತಿತ್ತು. ದೂರದಲ್ಲಿ ಒಂದು ಕುರಿಮರಿ ಕೂಗುತ್ತಿತ್ತು. ಆಯಿ ಮಲಗಿದ್ದ ಕೂಸನ್ನು ನೋಡಿದಳು, ಆಮೇಲೆ ತನ್ನ ಮಗಳನ್ನು.

“ಆಗ ದೊಡ್ಡ ರಾಣಿ ಅಂದಳು” ಎಂದು ಆಯಿ ನಿಧಾನಕ್ಕೆ, ಕತ್ತಲಲ್ಲಿ ಕಾಲಿನಿಂದ ಮೆಟ್ಟಿಲು ಹುಡುಕಿದ ಹಾಗೆ ಹೇಳಿದಳು, “ಆಳು ಯಾಕ ಬೇಕು ಮಹಾರಾಜಾ? ನಿನ್ನ ಹುಕುಂ, ನೀನೇ ತೋಡು. ರಾಜ ಸಲಿಕಿ ಹಿಡದ. ಜಲಮದಾಗ ಹಿಡದಂವ ಅಲ್ಲ. ಕೈಯಾಗ ಬೊಬ್ಬಿ ಬಂದ್ವು. ತೋಡಿದ, ತೋಡಿದ. ಅಂವಾ ತಗ್ಗಿನಾಗ ಇಳೀತಾನೇ ಹೋದ. ಇಬ್ಬರೂ ರಾಣಿಯರು ಮ್ಯಾಲ ನಿಂತು ನೋಡಿದ್ರು. ನೋಡಿ ನೋಡಿ ಬ್ಯಾಸರಾಯ್ತು. ಮಗನ ಕರ್ಕೊಂಡು ಹೊಂಟೇಹೋದ್ರು.”

“ರಾಜ?” ಎಂದೆ ನಾನು.

“ಇನ್ನಾ ತೋಡ್ಲಾಕತ್ತಾನ” ಎಂದಳು ಆಯಿ.

ಮೊದಲು ನಕ್ಕದ್ದು ಪಕ್ಕದ ಶೆಡ್ಡಿನ ಹೆಂಗಸು. ಆಮೇಲೆ ಎಲ್ಲರೂ. ಬಂದವಳು ನಗುತ್ತಲೇ ಅಳುತ್ತಿದ್ದಳು, ಅತ್ತೆ ಅವಳ ಬೆನ್ನಿನ ಮೇಲೆ ಕೈ ಇಟ್ಟಿದ್ದಳು. ಆಯಿ ಮಾತ್ರ ನಗದೆ, ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆರಗಾದವಳಂತೆ ಕೂತಿದ್ದಳು.

ಬಂದವಳು ನಮ್ಮಲ್ಲಿ ಕೆಲವು ದಿನ ಉಳಿದಳು. ಆ ದಿನಗಳಲ್ಲಿ ಎಲ್ಲವೂ ಸಿಹಿಯಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆ ಒಮ್ಮೊಮ್ಮೆ ಮುಖ ತಿರುಗಿಸಿ ಕೂರುತ್ತಿದ್ದಳು. ಹಿಟ್ಟು ನಾದುವುದರ ಮೇಲೆ ಇಬ್ಬರಿಗೂ ಜಗಳವಾಯಿತು, ಹಳೆಯ ಯಾವುದೋ ಮಾತು ಹೊರಬಂದು ಅರ್ಧ ದಿನ ಮಾತು ಬಿಟ್ಟರು. ಆದರೆ ಕೊನೆಗೆ ಅವಳನ್ನು ಉದಗೀರಕ್ಕೆ, ಅವಳ ತಾಯಿಯ ಮನೆಗೆ ಮುಟ್ಟಿಸಿ ಬರುತ್ತೇನೆ ಎಂದು ಹೊರಟವಳು ಅತ್ತೆಯೇ. ನನ್ನನ್ನೂ ಕರೆದುಕೊಂಡಳು.

ಅಪ್ಪನಿಗೆ ಇಷ್ಟವಿರಲಿಲ್ಲ. “ಹೆಣ್ಮಕ್ಕಳಷ್ಟೇ ಹ್ಯಾಂಗ ಹೋಗ್ತೀರಿ?” ಎಂದ.

“ಬಸ್ಸಿನಾಗ” ಎಂದಳು ಆಯಿ.

ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ. ನನ್ನ ಬದುಕಿನ ಮೊದಲ ದೂರದ ಪ್ರಯಾಣ. ಕೆಂಪು ಬಸ್ಸಿನ ಕಿಟಕಿಯಲ್ಲಿ ಕರಿ ಹೊಲಗಳು ತಿರುಗುತ್ತಿದ್ದವು, ನಡುವೆ ಬಿದ್ದ ಊರುಗಳು, ಅವುಗಳ ಪಕ್ಕ ಹೊಳೆಯುವ ತಗಡುಗಳು. ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು, ನಾನೂ ತೂಕಡಿಸುತ್ತಿದ್ದೆ. ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಗಂಡನ ಊರಿನವರು ಯಾರಾದರೂ ಕಂಡಾರೆಂದು ಅವರಿಬ್ಬರೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಹೊರಗೆ ಕಬ್ಬಿನ ಹಾಲಿನ ಗಾಣದ ಗೆಜ್ಜೆ ಘಲ್ಲೆನ್ನುತ್ತಿತ್ತು. ಬಿಳಿ ಟೊಪ್ಪಿಗೆಯ ಒಬ್ಬ, ಕೊಡೆ ಊರಿಕೊಂಡು, ನಮ್ಮ ಬಸ್ಸಿನ ಉದ್ದಕ್ಕೂ ಕಿಟಕಿ ಕಿಟಕಿ ನೋಡುತ್ತ ನಡೆದ.

“ಅಂವನೇ ಏನು?” ಎಂದು ನಾನು ಪಿಸುಗುಟ್ಟಿದೆ.

ಅತ್ತೆ ಸೆರಗಿನ ಒಳಗಿಂದಲೇ ನೋಡಿದಳು. “ಇರಬೇಕು” ಎಂದಳು. ಸ್ವಲ್ಪ ತಡೆದು, “ಇರಲಿಕ್ಕಿಲ್ಲ. ದೂರಿಂದ ನೋಡಿದ್ರ ಎಲ್ಲಾರೂ ಅಂವನಂಗೇ ಕಾಣ್ತಾರ.” ಬಸ್ಸು ಹೊರಟಿತು. ಊರು ದಾಟಿದ ಮೇಲೆ ಅವಳು ಸೆರಗು ಸರಿಸಿ ಗಾಳಿಗೆ ಮುಖ ಕೊಟ್ಟಳು.

ಉದಗೀರದಲ್ಲಿ ಕಿಲ್ಲೆಯ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿ ಸವತಿಯ ತಾಯಿಯ ಮನೆ. ತಾಯಿ ತಬ್ಬಿಕೊಂಡಳು. ಅಣ್ಣ ಬಾಗಿಲಲ್ಲೇ ನಿಂತು, ಗಂಡನ ಮನೆ ಬಿಟ್ಟು ಬಂದವಳನ್ನು ಇಟ್ಟುಕೊಂಡರೆ ಜನ ಏನನ್ನುತ್ತಾರೆ, ನಾಳೆಯೇ ವಾಪಸ್ಸು ಕಳಿಸುತ್ತೇನೆ ಎಂದ. ಅತ್ತೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ತನಗೆ ಬರುವ ಮರಾಠಿಯಲ್ಲಿ, ಗಲ್ಲಿಗೆಲ್ಲ ಕೇಳುವಂತೆ ಹೇಳಿದಳು: “ನಾ ಆಕಿ ಸವತಿ. ಕಳಿಸಬಾರ್ದು ಅಂತ ನಾನೇ ಅನ್ಲಾಕತ್ತೀನಿ. ಕಳಿಸ್ಲಾಕ ನೀ ಯಾರಪ್ಪ?” ಇಂಥ ಸವತಿಯನ್ನು ಅವನು ಎಲ್ಲೂ ಕಂಡಿರಲಾರ. ಅವನು ಪಕ್ಕಕ್ಕೆ ಸರಿದ, ನಾವು ಒಳಗೆ ಹೋದೆವು. ಅವನ ಹೆಂಡತಿ ಚಹಾ ಮಾಡಿದಳು.

ಅತ್ತೆಯ ಸವತಿ ಅಲ್ಲಿಯೇ ಉಳಿದಳು. ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವ ಕೆಲಸ ಹಿಡಿದು, ಕಾಲಾಂತರದಲ್ಲಿ ಅದೇ ಗಲ್ಲಿಯಲ್ಲಿ ಬೇರೆ ಕೋಣೆ ಮಾಡಿಕೊಂಡಳು. ಗಂಡ ಮೂರನೆಯವಳನ್ನು ತಂದನೆಂದು ಸುದ್ದಿ ಬಂತು, ಆಕೆಯೂ ನಿಲ್ಲಲಿಲ್ಲವೆಂದು ಆಮೇಲೆ ಕೇಳಿದೆವು. ಅತ್ತೆಯನ್ನು ಕರೆಯಲು ಅವನ ಕಡೆಯವರು ಒಮ್ಮೆ ಬಂದರು. ಆಯಿ ಅವರಿಗೆ ನೀರು ಕೊಟ್ಟು ಕಳಿಸಿದಳು, ಮಗಳನ್ನು ಕೊಡಲಿಲ್ಲ. ನಮಗೆ ಪಕ್ಕಾ ಮನೆ ಸಿಕ್ಕ ವರ್ಷ ಆಯಿ ತೀರಿಕೊಂಡಳು. ಕೊನೆಯ ತನಕವೂ ಅವಳು ತಗ್ಗಿನ ಕಥೆಯನ್ನು ಹಾಗೆಯೇ ಹೇಳುತ್ತಿದ್ದಳು. ಕೇಳಿದವರಿಗೆ ಅದು ತನ್ನ ಅವ್ವ ಹೇಳಿದ್ದೇ ಎಂದು ಆಣೆ ಮಾಡುತ್ತಿದ್ದಳು.

ನನ್ನ ಮದುವೆಯ ಮಾತು ಬೇಗನೇ ಎದ್ದಾಗ ಅತ್ತೆ ಅಡ್ಡ ನಿಂತಳು. ಮಾಸ್ತರಿಕೆಯ ಓದಿಗೆ ನಾನು ಉದಗೀರಕ್ಕೆ ಹೋದೆ. ಉಳಿದುಕೊಂಡದ್ದು ಅತ್ತೆಯ ಸವತಿಯ ಕೋಣೆಯಲ್ಲಿ. ನಾನು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಬೇಸಿಗೆಯ ಮಧ್ಯಾಹ್ನ ಅವಳ ಮಗಳು ನನ್ನ ಪಕ್ಕ ಮಲಗಿ ಮರಾಠಿಯಲ್ಲಿ ಕಥೆ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ರಾಣಿಯರು ಹೊರಟುಹೋದ ಮೇಲೆ ಉದಗೀರಕ್ಕೆ ಬಂದು ಬೇಳೆ ಮಿಲ್ಲು ಹಾಕುತ್ತಿದ್ದರು. ನನಗೆ ಅದು ಹಿಡಿಸಲಿಲ್ಲ. ರಾಣಿಯರಿಗೆ ಬೇಳೆ ಮಿಲ್ಲು ಯಾಕೆ ಎಂದು ತಕರಾರು ತೆಗೆದೆ. “ಮತ್ತೆ ಊಟಕ್ಕೆ ಏನು ಮಾಡ್ತಾರೆ?” ಎಂದು ಅವಳು ಆ ಕಡೆ ತಿರುಗಿ ಮಲಗಿದಳು.

ಕನ್ನಡ ಅಕ್ಷರ ನನಗೆ ಕಲಿಸಿದ್ದು ಭಾಲ್ಕಿ ಕಡೆಯವರಾದ ನನ್ನ ಗಂಡ. ಕಲಿತ ಮೇಲೆ ಅತ್ತೆಯ ಕಥೆಗಳನ್ನು ಬರೆಯತೊಡಗಿದೆ. ಒಮ್ಮೆ ಕಲಬುರಗಿಯಲ್ಲಿ ಅವುಗಳನ್ನು ಓದಿದಾಗ ಇಂಥವನ್ನು ಸ್ತ್ರೀವಾದಿ ಮರುಕಥನ ಎನ್ನುತ್ತಾರೆ ಎಂದು ಅಲ್ಲಿದ್ದವರು ಹೇಳಿದರು. ಆ ಮಾತು ನನಗೆ ಇಷ್ಟವಾಯಿತು. ಬಹಳ ದಿನ ಒಂಟಿಯಾಗಿದ್ದವಳಿಗೆ ಯಾರೋ ನಿಮ್ಮ ಕಡೆಯವರು ಇನ್ನೂ ಇದ್ದಾರೆ ಎಂದಂತಾಯಿತು. ಊರಿಗೆ ಬಂದು ಅತ್ತೆಗೆ ಹೇಳಿದೆ. ಅವಳು ಆ ಶಬ್ದವನ್ನು ಎರಡು ಬಾರಿ ಹೇ‍ಳಿಸಿ ಕೇಳಿದಳು. “ಅಂದ್ರ ಬ್ಯಾರೆ ಊರಾಗೂ ಹೇಳ್ಯಾರೇನು ಹಿಂಗ?” ಹೌದು, ಬಹಳ ದೇಶಗಳಲ್ಲಿ ಎಂದೆ. ಅವಳಿಗೆ ಖುಷಿಯಾಯಿತು. “ಯಾರ ಯಾರ ಮನ್ಯಾಗ ಏನೇನು ಬಿದ್ದಿತ್ತೋ ಪಾಪ” ಎಂದಳು.

ನಾನು ಈಗ ನಿಲಂಗಾದ ಹತ್ತಿರದ ಶಾಲೆಯಲ್ಲಿ ಕಲಿಸುತ್ತೇನೆ; ಅಲ್ಲಿಯ ಮರಾಠಿ ಮಕ್ಕಳಿಗೆ ಟೀಚರಮ್ಮ ಎಂದರೆ ‘ಬಾಯಿ’. ಅತ್ತೆ ಬಹಳ ವರ್ಷ ಆ ತಾಲೂಕಿಗೆ ಕಾಲಿಟ್ಟಿರಲಿಲ್ಲ. ಹೋದ ಬೇಸಿಗೆಗೆ ಮುಂಚೆ, ಕರೆಯದೆಯೇ, ಒಂದು ದಿನ ಬಸ್ಸಿಳಿದು ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ತರಗತಿಯ ಹುಡುಗಿಯರು ಕುರ್ಚಿ ಹಾಕಿ ಸುತ್ತ ನೆಲದ ಮೇಲೆ ಕೂತರು. ಕಥೆ ಹೇಳಿ ಎಂದು ದುಂಬಾಲು ಬಿದ್ದರು.

“ನಾ ಹೇಳಂಗಿಲ್ಲ” ಎಂದಳು ಅತ್ತೆ ನಗುತ್ತ. “ಬಸ್ಸಿನಾಗ ಮೈ ಜಡ್ಡಾಗ್ಯಾದ. ನೀವು ಹೇಳ್ರಿ, ನಾ ಕೇಳ್ತೀನಿ.”

ಹುಡುಗಿಯರು ಒಬ್ಬರನ್ನೊಬ್ಬರು ದೂಡಿಕೊಂಡರು. ಕೊನೆಗೆ ಹಿಂದಿನ ಸಾಲಿನ, ತರಗತಿಯಲ್ಲಿ ಬಾಯಿ ಬಿಡದ ಒಬ್ಬಳು ಎದ್ದು ನಿಂತು, ಒಂದೂರಲ್ಲಿ ಒಬ್ಬ ಹುಡುಗಿ ಇದ್ದಳು, ಅವಳಿಗೆ ಕುದುರೆ ಓಡಿಸುವುದು ಬರುತ್ತಿತ್ತು ಎಂದು ಮರಾಠಿಯಲ್ಲಿ ಶುರು ಮಾಡಿದಳು. ನಾನು ಆ ಕಥೆಯನ್ನು ಎಲ್ಲೂ ಕೇಳಿರಲಿಲ್ಲ. ಕಿಟಕಿಯ ಹೊರಗೆ ಬೇವಿನ ಮರ ಅಲುಗುತ್ತಿತ್ತು, ಅದರ ನೆರಳು ಹುಡುಗಿಯರ ಬೆನ್ನಿನ ಮೇಲೆ ಆಡುತ್ತಿತ್ತು. ಅತ್ತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಹುಡುಗಿ ಹೇಳುವುದನ್ನು ನಿಲ್ಲಿಸಿ, “ಬಾಯಿ, ಅಜ್ಜಿ ಮಲಗಿದರು” ಎಂದು ನನ್ನ ಕಡೆ ನೋಡಿದಳು.

“ಮಲಗಿಲ್ಲವ್ವ” ಎಂದಳು ಅತ್ತೆ, ಕಣ್ಣು ತೆರೆಯದೆ. “ಕುದುರಿ ಎಲ್ಲಿತನಕ ಹೋಯ್ತು, ಹೇಳು.”